ಆರು ಗರ್ಡರುಗಳನ್ನು ನೇರ ಮಾಡಿ ಕೆಟ್ಟದ್ದು

ಏನಾಯಿತು ಹೇಳಿ ನೋಡೋಣ. ಆರು ಕಬ್ಬಿಣದ ಗರ್ಡರುಗಳು. ಒಂದೊಂದೂ ಇಪ್ಪತ್ತನಾಲ್ಕು ಅಡಿ ಉದ್ದ, ಹತ್ತು ಜನ ಗಟ್ಟಿಗರು ಕೈ ಹಾಕಿದರೆ ಮಾತ್ರ ಅಲುಗುವ ತೂಕ. ಮಳವಳ್ಳಿ ಕಡೆಯ ಒಂದು ಕಾಲುವೆಯ ಮೇಲೆ ಸೇತುವೆ ಕಟ್ಟಲೆಂದು ಬಂದವುಗಳಲ್ಲಿ ಕೆಲವು ದಾರಿಯಲ್ಲಿ ಲಾರಿಯಿಂದ ಜಾರಿ ಬಿದ್ದು ಸೊಟ್ಟಗಾದವು. ಅವನ್ನು ಬೆಂಕಿ ತೋರಿಸದೆ, ಕಬ್ಬಿಣ ತಣ್ಣಗಿರುವಾಗಲೇ ಜಾಕು ಒತ್ತಿ ನೇರ ಮಾಡುವ ಕೆಲಸ ನನ್ನ ತಲೆಗೆ ಬಂತು. ಏನಾಗಿರಬಹುದು?

ಇದನ್ನು ಕೇಳಿದವರೆಲ್ಲ ಮೊದಲು ಹೇಳುವುದು ಒಂದೇ, ಗರ್ಡರು ಮುರಿದುಹೋಗಿರಬೇಕು ಅಂತ. ಇಲ್ಲ. ಹಾಗಾದರೆ ಯಾರ ಕಾಲ ಮೇಲಾದರೂ ಬಿದ್ದಿರಬೇಕು. ಅದೂ ಇಲ್ಲ. ಆರಕ್ಕೆ ಆರೂ ನೇರವಾದವು, ಗೆರೆ ಎಳೆದ ಹಾಗೆ. ತೊಂದರೆ ಶುರುವಾದದ್ದೇ ಅಲ್ಲಿಂದ.

ಕಬ್ಬಿಣದ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗ ಬೆವರು ಬರುತ್ತದೆ, ಆಮೇಲೆ ನಗು ಬರುತ್ತದೆ. ನಿವೃತ್ತನಾದ ಮೇಲೆ ನನಗೆ ಉಳಿದಿರುವುದು ಎರಡನೆಯದು ಮಾತ್ರ, ಆದ್ದರಿಂದ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಮಂಡ್ಯದ ಗುತ್ತಲಿನಲ್ಲಿದ್ದ ನಮ್ಮ ಮನೆಯಿಂದ ಮದ್ದೂರಿನ ಹತ್ತಿರದ ಒಂದು ಕಬ್ಬಿಣದ ಯಾರ್ಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯಾರ್ಡಿನ ಮಾಲೀಕರು ನನ್ನನ್ನು ತೆಗೆದುಕೊಂಡದ್ದು ಆರು ತಿಂಗಳ ಮಟ್ಟಿಗೆ, ನೋಡೋಣ ಅಂತ. ಕೆಲಸ ಖಾಯಂ ಆಗುವುದೋ, ಮನೆಗೆ ಹೋಗುವುದೋ ಆರು ತಿಂಗಳಾದ ಮೇಲೆ ಹೇಳುತ್ತೇವೆ ಎಂದಿದ್ದರು. ನಾಲ್ಕು ತಿಂಗಳು ನಾನು ಗೇಟು, ಕಿಟಕಿ ಸರಳು, ಎತ್ತಿನ ಗಾಡಿಯ ಅಚ್ಚು ನೋಡಿಕೊಂಡು ಸುಖವಾಗಿದ್ದೆ. ಐದನೆಯ ತಿಂಗಳು ಈ ಗರ್ಡರುಗಳು ಬಂದವು. ಮಾಲೀಕರು ನನ್ನನ್ನು ಕರೆದು, "ಇವು ಪಾಸಾದ್ರೆ ನೀವೂ ಪಾಸು" ಎಂದರು. ಇನ್ನರ್ಧ ವಾಕ್ಯವನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

೧. ಗದ್ದೆಯಲ್ಲಿ ಸೇತುವೆ

ಗರ್ಡರುಗಳು ತಯಾರಾದದ್ದು ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ. ಅಲ್ಲಿಂದ ನಮ್ಮ ಯಾರ್ಡಿಗೆ ಬಂದರೆ ನಾವು ತೂತು ಕೊರೆದು, ಅಡ್ಡಪಟ್ಟಿ ಕೂರಿಸಿ ಮಳವಳ್ಳಿಗೆ ಕಳಿಸಬೇಕು, ಅಷ್ಟೆ. ಲಾರಿ ಹೆದ್ದಾರಿಯಲ್ಲೇ ನೇರವಾಗಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಡ್ರೈವರಿನ ಹೆಂಡತಿಯ ತವರು ಆತಗೂರಿನ ಕಡೆ. ಹೇಗೂ ಈ ಕಡೆ ಬರುತ್ತಿದ್ದೇನಲ್ಲ ಅಂತ ಅವನು ಹೆಂಡತಿಯನ್ನೂ ಲಾರಿಯಲ್ಲಿ ಕೂರಿಸಿಕೊಂಡು, ಅವಳನ್ನು ತವರಿಗೆ ಬಿಡಲು ಆತಗೂರಿನ ರಸ್ತೆಗೆ ತಿರುಗಿಸಿದ್ದಾನೆ. ಒಂದು ತಿರುವಿನಲ್ಲಿ ಎದುರಿಗೆ ಕಬ್ಬಿನ ಗಾಡಿ ಬಂದಿದೆ. ಇವನು ಪಕ್ಕಕ್ಕೆ ಸರಿದಾಗ ಲಾರಿ ಒಂದು ಕಡೆಗೆ ವಾಲಿ, ಹಗ್ಗ ಕಿತ್ತು, ನಾಲ್ಕು ಗರ್ಡರು ಗದ್ದೆಯೊಳಕ್ಕೆ ಜಾರಿವೆ. ಎರಡು ಮಾತ್ರ ಲಾರಿಯ ಮೇಲೇ ಉಳಿದವು. ಯಾರಿಗೂ ಏಟಾಗಲಿಲ್ಲ. ಹೆಂಡತಿ ಇಳಿದು ನಡೆದುಕೊಂಡೇ ತವರು ಸೇರಿದಳಂತೆ.

ನಮಗೆ ಸುದ್ದಿ ಮುಟ್ಟಿದ್ದು ಮೂರನೆಯ ದಿನ. ನಾನು, ನಮ್ಮ ಮೇಸ್ತ್ರಿ, ಆರು ಆಳುಗಳು, ಇನ್ನೊಂದು ಲಾರಿ ಮಾಡಿಕೊಂಡು ಹೋದೆವು. ಗದ್ದೆಯಲ್ಲಿ ಎಣಿಸಿದರೆ ಮೂರೇ ಗರ್ಡರು. ನಾಲ್ಕನೆಯದು ಕಾಣಲಿಲ್ಲ. ಇಪ್ಪತ್ತನಾಲ್ಕು ಅಡಿಯ ಕಬ್ಬಿಣವನ್ನು ಯಾರಾದರೂ ಎಲ್ಲಿ ಬಚ್ಚಿಡುತ್ತಾರೆ ಎಂದು ಹುಡುಕುತ್ತಾ ಬದುವಿನ ಮೇಲೆ ನಡೆದರೆ, ಗದ್ದೆಯ ತುದಿಯ ದೊಡ್ಡ ನೀರುಗಾಲುವೆಯ ಮೇಲೆ ಅದು ಅಡ್ಡಲಾಗಿ ಮಲಗಿತ್ತು. ಗದ್ದೆಯ ಗೌಡರು ಎರಡು ಜೊತೆ ಎತ್ತು ಕಟ್ಟಿ ಎಳೆಸಿ, ಎರಡೂ ತುದಿಗೆ ಕಲ್ಲು ಕೊಟ್ಟು, ಮೇಲೆ ಮಣ್ಣು ಹರಡಿ ಕೂರಿಸಿಬಿಟ್ಟಿದ್ದರು. ಹೆಂಗಸರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅದರ ಮೇಲೆ ನಿರಾತಂಕವಾಗಿ ಓಡಾಡುತ್ತಿದ್ದರು.

ನಾನು ಇದು ಸರ್ಕಾರದ ಸೇತುವೆಗೆ ಬಂದ ಸಾಮಾನು, ಕಾನೂನು, ಪೊಲೀಸು ಎಂದೆಲ್ಲ ಶುರು ಮಾಡಿದೆ. ಗೌಡರು ಪೂರ್ತಿ ಕೇಳಿಸಿಕೊಂಡು, ಕೊಂಚವೂ ಬೇಜಾರಿಲ್ಲದೆ ಹೇಳಿದರು: "ತಕ್ಕೊಂಡೋಗಿ ಬುಡಿ ಸಾಮಿ. ನಿಮ್ ಸೇತ್ವೆ ಮಳವಳ್ಳೀಲಿ ಯಾವತ್ತಾಯ್ತದೋ ಏನೋ. ನಮ್ದು ಮೂರ್ ದಿನಕ್ಕೇ ಆಗಿತ್ತು."

೨. ಬೀಡಿಯ ಅಳತೆ

ಈಗ ಮೇಸ್ತ್ರಿಯ ವಿಷಯ ಹೇಳಬೇಕು. ಐವತ್ತು ದಾಟಿದ ಮನುಷ್ಯ, ಆತಗೂರಿನ ರಸ್ತೆಯಲ್ಲೇ ಯಾರ್ಡಿಗೆ ಎರಡು ಮೈಲಿ ದೂರದ ಹಳ್ಳಿಯವನು. ಓದು ಇಲ್ಲ, ಆದರೆ ಕಣ್ಣು ಅಂದರೆ ಕಣ್ಣು. ಒಂದು ಕಣ್ಣು ಮುಚ್ಚಿ ಗರ್ಡರಿನ ತುದಿಯಿಂದ ತುದಿಗೆ ನೋಡಿದರೆ ಎಲ್ಲಿ ಎಷ್ಟು ಸೊಟ್ಟಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಆಮೇಲೆ ನಾನು ನೂಲು ಹಿಡಿದು ಅಳೆದರೆ ಗುರುತು ಸರಿಯಾಗಿಯೇ ಇರುತ್ತಿತ್ತು. ಇದು ನನಗೆ ಅಷ್ಟೇನೂ ಇಷ್ಟವಾಗುತ್ತಿರಲಿಲ್ಲ.

ತಣ್ಣನೆಯ ಕಬ್ಬಿಣವನ್ನು ಬಗ್ಗಿಸುವುದರಲ್ಲಿ ಒಂದು ತಾಪತ್ರಯವಿದೆ. ಗರ್ಡರಿನ ಎರಡು ಕಡೆ ಆಧಾರ ಕೊಟ್ಟು ನಡುವೆ ಜಾಕು ಒತ್ತುತ್ತಾ ಹೋದರೆ ಅದು ನೇರವಾಗುತ್ತದೆ. ಸಂತೋಷದಿಂದ ಜಾಕು ಸಡಿಲಿಸಿದರೆ ಮತ್ತೆ ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಕೊಂಚ ಹೆಚ್ಚೇ ಒತ್ತಿ ಬಿಡಬೇಕು, ಆಗ ಹಿಂದಕ್ಕೆ ಬಂದು ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಎಷ್ಟು ಹೆಚ್ಚು ಎನ್ನುವುದೇ ಪ್ರಶ್ನೆ. ಮೇಸ್ತ್ರಿ ಇದನ್ನು ನನಗೆ ತನ್ನ ಅಳಿಯನ ಉದಾಹರಣೆ ಕೊಟ್ಟು ವಿವರಿಸಿದ: "ನಮ್ ಅಳೀಮಯ್ಯನೂ ಅಂಗೇ ಸಾ. ಎದುರಿಗಿದ್ದಾಗ ನೆಟ್ಟಗಿರ್ತಾನೆ, ಬುಟ್ ತಕ್ಷಣ ವಾಪಸ್ ಓಯ್ತಾನೆ. ಅದ್ಕೇ ನಾನು ಒಂದೀಟು ಜಾಸ್ತೀನೇ ಬಯ್ಯೋದು."

ಮೊದಲನೆಯ ಗರ್ಡರಿಗೆ ನಾನು ರಾತ್ರಿಯೆಲ್ಲ ಪುಸ್ತಕ ನೋಡಿ, ಲೆಕ್ಕ ಹಾಕಿ, ಹನ್ನೊಂದು ಮಿಲಿಮೀಟರು ಹೆಚ್ಚು ಒತ್ತಬೇಕು ಎಂದು ಬರೆದುಕೊಂಡು ಹೋದೆ. ಮೇಸ್ತ್ರಿ ಗರ್ಡರನ್ನು ಒಮ್ಮೆ ನೋಡಿ, "ಒಂದು ಬೀಡಿ ದಪ್ಪ ಸಾಕು ಸಾ" ಎಂದ. ನಾನು ಲೆಕ್ಕ ಲೆಕ್ಕವೇ ಎಂದೆ. ಸರಿ ಎಂದು ನಾನು ಹೇಳಿದಷ್ಟೇ ಒತ್ತಿದರು. ಬಿಟ್ಟು ನೋಡಿದರೆ ಗರ್ಡರು ಈಗ ಆ ಕಡೆಗೆ ಸೊಟ್ಟಗಾಗಿತ್ತು. ಮೇಸ್ತ್ರಿ ಕಿವಿಯ ಸಂದಿಯಿಂದ ಬೀಡಿ ತೆಗೆದು ಹಚ್ಚಿಕೊಂಡ.

ಅವತ್ತಿನಿಂದ ಯಾರ್ಡಿನಲ್ಲಿ ಬೀಡಿಯ ಅಳತೆಯೇ ನಡೆಯಿತು. ಅರ್ಧ ಬೀಡಿ, ಒಂದು ಬೀಡಿ, ತೀರಾ ಮೊಂಡು ಗರ್ಡರಾದರೆ ಎರಡು ಬೀಡಿ. ನನಗೆ ಇದನ್ನು ಮಿಲಿಮೀಟರಿಗೆ ಇಳಿಸದೆ ಸಮಾಧಾನವಿಲ್ಲ. ಅಳೆಯೋಣವೆಂದರೆ ಬೀಡಿಯ ಎರಡು ತುದಿಯೂ ಒಂದೇ ದಪ್ಪವಿಲ್ಲ. ಯಾವ ತುದಿ ಲೆಕ್ಕಕ್ಕೆ ಎಂದು ಮೇಸ್ತ್ರಿಯನ್ನು ಕೇಳಿದೆ. "ಅಚ್ಚೋ ತುದಿ ಸಾ. ಬಾಯಿಗಿಡೋ ತುದಿ ಮೇಲೆ ಸೇತ್ವೆ ನಿಲ್ತದಾ?" ಎಂದ. ಸರಿ, ಒಂದೇ ಬೀಡಿ ಅಳೆದರೆ ಸಾಲದು, ಹಲವು ಅಳೆದು ಸರಾಸರಿ ತೆಗೆಯಬೇಕು ಎಂದುಕೊಂಡು ಸಂಜೆ ಗುತ್ತಲಿನ ಅಂಗಡಿಯಲ್ಲಿ ಒಂದು ಕಟ್ಟು ಬೀಡಿ ಕೊಂಡೆ. ಮೇಸ್ತ್ರಿ ಸೇದುವ ಬೀಡಿಯೇ ಬೇಕೆಂದು ಅಂಗಡಿಯವನ ಹತ್ತಿರ ಎರಡು ಕಟ್ಟು ಬಿಚ್ಚಿಸಿ, ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡಿ ಆರಿಸಿದೆ. ಹಿಂದೆ ತಿರುಗಿದರೆ ನಮ್ಮ ತಂದೆಯವರು ತರಕಾರಿ ಚೀಲ ಹಿಡಿದು ನಿಂತಿದ್ದರು.

ಅವರು ಹೈಸ್ಕೂಲಿನ ಮೇಷ್ಟರು. ಮನೆಯಲ್ಲಿ ಕಾಫಿಯನ್ನೇ ದುಶ್ಚಟ ಎಂದು ತಿಳಿದವರು. ಇದು ಸೇತುವೆಯ ಅಳತೆಗೆ ಎಂದು ನಾನು ಹೇಳುವುದಾದರೂ ಹೇಗೆ, ಯಾರು ನಂಬುತ್ತಾರೆ? ಊಟವಾದ ಮೇಲೆ ನನ್ನನ್ನು ಜಗುಲಿಗೆ ಕರೆದರು. "ನೋಡಪ್ಪ, ಬೆಳೆದ ಮಗ, ನಾನು ಬೇಡ ಅನ್ನೋಲ್ಲ. ಆದರೆ ಸಾಲ ಮಾಡಿ ಎಂಜಿನಿಯರ್ ಓದಿಸಿದ್ದೀನಿ. ಸಿಗರೇಟಾದರೂ ಸೇದು."

೩. ಬಿಸಿ ಮುಟ್ಟಿದ್ದು

ಗರ್ಡರುಗಳನ್ನು ಪಾಸು ಮಾಡಬೇಕಾದವರು ಸೇತುವೆಯ ಕಡೆಯಿಂದ ಬರುತ್ತಿದ್ದ ಒಬ್ಬ ಪರೀಕ್ಷಕರು. ಯಾರ್ಡಿನವರೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಕರಾವಳಿಯ ಕಡೆಯವರು, ಈ ಸೀಮೆಗೆ ಹೊಸಬರು, ತುಂಬಾ ನಿಯತ್ತಿನ ಮನುಷ್ಯ. ಅವರ ಒಂದೇ ಷರತ್ತು, ಬೆಂಕಿ ಮುಟ್ಟಿಸಬಾರದು. ಅಳತೆ ತಿಳಿಯದೆ ಕಾಯಿಸಿ ಬಡಿದರೆ ಉಕ್ಕಿನ ಶಕ್ತಿ ಹೋಗುತ್ತದೆ, ನಾಳೆ ಗಾಡಿ ದಾಟುವಾಗ ಸೇತುವೆ ಕೂರುತ್ತದೆ ಎಂದು ಅವರ ಭಯ. ಭಯ ಸರಿಯಾದದ್ದೇ. ನಾವೂ ಕುಲುಮೆಯನ್ನು ಆರಿಸಿ, ತಿದಿಯನ್ನು ಅಟ್ಟಕ್ಕೆ ಏರಿಸಿಬಿಟ್ಟಿದ್ದೆವು.

ಒಂದು ದಿನ ಹೇಳದೆ ಕೇಳದೆ ಜೀಪು ಬಂತು. ಸುಡುಬಿಸಿಲು, ಮಧ್ಯಾಹ್ನ ಒಂದೂವರೆ. ಆಳುಗಳು ಊಟಕ್ಕೆ ಕೂತಿದ್ದರು. ಗರ್ಡರುಗಳಿಂದ ಹತ್ತು ಮಾರು ದೂರದಲ್ಲಿ ಮೂರು ಕಲ್ಲು ಹೂಡಿ ಟೀ ಕಾಯಿಸುತ್ತಿದ್ದ ಹೊಗೆ ಏಳುತ್ತಿತ್ತು. ಸಾಹೇಬರು ಹೊಗೆ ನೋಡಿದರು, ನೇರವಾಗಿ ಗರ್ಡರಿನ ಹತ್ತಿರ ಹೋಗಿ ಅಂಗೈ ಇಟ್ಟರು, ಚುರ್ ಎಂದು ಕೈ ತೆಗೆದುಕೊಂಡರು.

"ಕಾಯಿಸಿದ್ದೀರಿ," ಎಂದರು.

ನಾನು ಇಲ್ಲ ಸಾರ್, ಬಿಸಿಲು ಸಾರ್, ಬೆಳಗಿನಿಂದ ಬಯಲಲ್ಲೇ ಬಿದ್ದಿದೆ ಸಾರ್ ಎಂದೆ. ಅವರು ಬಿಸಿಲಿಗೆ ಕಬ್ಬಿಣ ಬೆಚ್ಚಗಾಗುತ್ತದೆ, ಇಷ್ಟು ಸುಡುವುದಿಲ್ಲ ಎಂದರು. ನಾನು ಉಷ್ಣತೆಯ ಬಗ್ಗೆ ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಓದಿದ್ದು ಹೇಳಿದಷ್ಟೂ ಅವರಿಗೆ ಅನುಮಾನ ಜಾಸ್ತಿಯಾಯಿತು. ಪುಸ್ತಕ ತೆಗೆದು ಬರೆಯಲು ಶುರು ಮಾಡಿದರು. ನನ್ನ ಆರು ತಿಂಗಳು ಐದಕ್ಕೇ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಮೇಸ್ತ್ರಿ ಕೈ ತೊಳೆದುಕೊಂಡು ಬಂದ. ವಾದ ಮಾಡಲಿಲ್ಲ. ಬಿಸಿಲಲ್ಲಿ ಬಂದಿದ್ದೀರಿ, ಮೊದಲು ನೀರು ಕುಡಿಯಿರಿ ಎಂದು ಸಾಹೇಬರನ್ನು ಕೈಪಂಪಿನ ಹತ್ತಿರ ಕರೆದುಕೊಂಡು ಹೋದ. ಅದೂ ಬಯಲಲ್ಲೇ ಇತ್ತು. ತಾನು ಚೊಂಬು ಹಿಡಿದು ಕೂತು, ಒಂದೆರಡು ಸಲ ಒತ್ತಿ ಸಾ ಎಂದ. ಸಾಹೇಬರು ಪಂಪಿನ ಹಿಡಿ ಹಿಡಿದವರು ಹಾವು ಮುಟ್ಟಿದಂತೆ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

ಮೇಸ್ತ್ರಿ ಚೊಂಬು ಹಿಡಿದುಕೊಂಡೇ ಹೇಳಿದ: "ಅದ್ನೂ ನಾವೇ ಕಾಯ್ಸಿರೋದು ಸಾ. ಅದ್ನೂ ಬರ್ಕಬುಡಿ."

೪. ನಾಲ್ಕು ಮತ್ತು ಆರು

ಬಿದ್ದ ನಾಲ್ಕು ಗರ್ಡರುಗಳು ಹನ್ನೆರಡು ದಿನದಲ್ಲಿ ನೇರವಾದವು. ಲಾರಿಯ ಮೇಲೇ ಉಳಿದಿದ್ದ ಎರಡಕ್ಕೆ ಏನೂ ಆಗಿರಲಿಲ್ಲವಲ್ಲ, ಅವನ್ನು ಹಾಗೇ ಬಿಡಬಹುದಿತ್ತು. ಆದರೆ ಮೇಸ್ತ್ರಿ ಅವುಗಳ ತುದಿಗೆ ಕಣ್ಣಿಟ್ಟು, ಇವಕ್ಕೂ ನಡುವೆ ಹೊಟ್ಟೆ ಉಬ್ಬಿದೆ ಎಂದ. ನಾನು ನೂಲು ಹಿಡಿದು ನೋಡಿದೆ. ಹೌದು, ಎರಡೂ ನಡುವೆ ಸರಿಯಾಗಿ ಒಂದೊಂದು ಅಂಗುಲ ಮೇಲಕ್ಕೆ ಬಾಗಿದ್ದವು. ಬಿದ್ದ ನಾಲ್ಕರಲ್ಲೂ ಇಂಥದೇ ಒಂದು ಉಬ್ಬು ಇತ್ತು, ಅದನ್ನು ಆಗಲೇ ತೆಗೆದಿದ್ದೆವು. ಬೀಳದೇ ಇದ್ದ ಎರಡು ಗರ್ಡರು ಒಂದೇ ಅಳತೆಗೆ, ಒಂದೇ ಜಾಗದಲ್ಲಿ, ಒಂದೇ ಕಡೆಗೆ ಬಾಗುವುದು ಹೇಗೆ ಎಂದು ಎಂಜಿನಿಯರಿಂಗ್ ಓದಿದವನು ಯೋಚಿಸಬೇಕಾಗಿತ್ತು. ನಾನು ಯೋಚಿಸಿದ್ದು ಇಷ್ಟೇ, ಅಬ್ಬ, ನಮ್ಮ ಮೇಸ್ತ್ರಿಯ ಕಣ್ಣು ಎಷ್ಟು ಸೂಕ್ಷ್ಮ.

ಆರೂ ಸಾಲಾಗಿ, ನೇರವಾಗಿ ಮಲಗಿದವು. ನೋಡಿದರೆ ಕಣ್ಣಿಗೆ ಹಬ್ಬ. ಮಾಲೀಕರು ಬಂದು ಒಂದು ಸುತ್ತು ಹಾಕಿ, ಪರವಾಗಿಲ್ಲ ರೀ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ಸಾಹೇಬರು ಬಂದರು. ನೂಲು ಹಿಡಿಸಿದರು. ಮೊದಲನೆಯದು ನೋಡಿ ಇನ್ನೊಮ್ಮೆ ಹಿಡಿಸಿದರು. ಎರಡನೆಯದು, ಮೂರನೆಯದು. ಆರನೆಯದಕ್ಕೆ ಬರುವ ಹೊತ್ತಿಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನಕ್ಷೆ ತೋರಿಸಿ ಎಂದರು. ನಕ್ಷೆ ನನ್ನ ಮೇಜಿನ ಮೇಲೇ ಹರಡಿತ್ತು. ಅದು ಸುರುಳಿ ಸುತ್ತಿಕೊಳ್ಳುವ ಕಾಗದ, ಆದ್ದರಿಂದ ಬಂದ ದಿನವೇ ಅದರ ಕೆಳಗಿನ ಮೂಲೆಯ ಮೇಲೆ ರೈಲುಕಂಬಿಯ ಒಂದು ತುಂಡು ಹೇರಿಟ್ಟಿದ್ದೆ. ಒಂದೂವರೆ ತಿಂಗಳು ಅದನ್ನು ಎತ್ತಿರಲಿಲ್ಲ. ಸಾಹೇಬರು ಎತ್ತಿದರು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದಿತ್ತು, ಪ್ರತಿ ಗರ್ಡರೂ ನಡುವೆ ಒಂದು ಅಂಗುಲ ಮೇಲಕ್ಕೆ ಬಾಗಿರತಕ್ಕದ್ದು.

ಕಾರಣ ಸರಳ. ಸೇತುವೆಯ ಮೇಲೆ ಭಾರ ಬಿದ್ದಾಗ ಗರ್ಡರು ನಡುವೆ ಕುಸಿಯುತ್ತದೆ. ಅದಕ್ಕೆ ಮೊದಲೇ ಅಷ್ಟು ಮೇಲಕ್ಕೆ ಬಗ್ಗಿಸಿ ಇಟ್ಟಿರುತ್ತಾರೆ. ಬೆಂಗಳೂರಿನವರು ಕಷ್ಟಪಟ್ಟು ಬಗ್ಗಿಸಿ ಕಳಿಸಿದ್ದನ್ನು ನಾವು ಕಷ್ಟಪಟ್ಟು ತೆಗೆದುಹಾಕಿದ್ದೆವು.

ಸಾಹೇಬರು ದಿನಚರಿ ತೆಗೆದು ಬೆರಳಲ್ಲಿ ಎಣಿಸಿ, ಇಂದಿಗೆ ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇನೆ, ಬೆಂಕಿಯಿಲ್ಲದೆ ಆರಕ್ಕೂ ಒಂದಂಗುಲದ ಉಬ್ಬು ಬಂದಿರಬೇಕು, ಎಲ್ಲೂ ಬಿರುಕಿರಬಾರದು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಎಂದರು. ನಾನು ತಲೆಯಾಡಿಸಿದೆ. ಮಾಲೀಕರು ನನ್ನ ಕಡೆ ನೋಡಿದ ನೋಟದಲ್ಲಿ, ಅವರು ಹೇಳದೆ ಬಿಟ್ಟಿದ್ದ ಇನ್ನರ್ಧ ವಾಕ್ಯ ಸ್ಪಷ್ಟವಾಗಿ ಕಂಡಿತು.

ಮೇಸ್ತ್ರಿಗೆ ಮಾತ್ರ ಇದು ಬಹಳ ಅನ್ಯಾಯವೆನ್ನಿಸಿತು. "ಅಂಗಾದ್ರೆ ಲಾರಿಯಿಂದ ಬಿದ್ದು ಕೆಟ್ಟಿದ್ಕಿಂತ ನಾವು ಜಾಸ್ತಿ ಕೆಡಿಸಿದ್ವಿ ಅಂತೀರಾ ಸಾ?" ಎಂದು ಕೇಳಿಯೇಬಿಟ್ಟ.

ಸಾಹೇಬರು ಸಮಾಧಾನವಾಗಿಯೇ ಉತ್ತರ ಕೊಟ್ಟರು: "ಹೌದು ಮಾರಾಯ. ಲಾರಿ ಕೆಡಿಸಿದ್ದು ನಾಲ್ಕು. ನೀವು ಆರನ್ನೂ ಕೆಡಿಸಿದ್ದೀರಿ."

೫. ಬೆನ್ನು ತಿರುಗಿಸಿ ನಿಂತದ್ದು

ಈ ಸಲ ಬಹಳ ಹುಷಾರಾಗಿ ಬಗ್ಗಿಸಿದೆವು. ಒಂದು ಗರ್ಡರು ಬಗ್ಗಿಸಿದ ಮೇಲೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಬಳಿಯುವುದು. ಕೂದಲೆಳೆಯ ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಕಾಣುತ್ತದೆ. ಯಾವುದರಲ್ಲೂ ಕಾಣಲಿಲ್ಲ. ಎಂಟನೆಯ ದಿನದ ಸಂಜೆಗೆ ಐದು ಮುಗಿದವು. ಒಂಬತ್ತನೆಯ ದಿನ ಹಬ್ಬದ ರಜ. ಆರನೆಯದನ್ನು ಹತ್ತನೆಯ ದಿನ ಬೆಳಿಗ್ಗೆ ಬೇಗ ಬಂದು, ಹನ್ನೊಂದರೊಳಗೆ ಮುಗಿಸಿದರಾಯಿತು ಎಂದು ನಾನು ಹೇಳಿದೆ. ಮೇಸ್ತ್ರಿ ಬೀಡಿ ಹಚ್ಚಿಕೊಳ್ಳುತ್ತಾ ಹೂಂ ಎಂದ ಹಾಗಿತ್ತು. ಆ ಹೂಂ ಬೀಡಿಗೆ ಹೇಳಿದ್ದು ಎಂದು ಆಮೇಲೆ ತಿಳಿಯಿತು.

ಹತ್ತನೆಯ ದಿನ ಏಳು ಗಂಟೆಗೆ ಯಾರ್ಡಿಗೆ ಹೋದೆ. ಗೇಟಿಗೆ ಬೀಗ. ಕಾವಲುಗಾರನೂ ಇಲ್ಲ. ಎಂಟಾಯಿತು, ಒಂಬತ್ತಾಯಿತು, ಒಂದು ನರಪಿಳ್ಳೆಯೂ ಬರಲಿಲ್ಲ. ಹಿಂದಿನ ದಿನ ಒಬ್ಬಟ್ಟು ತಿಂದ ಬಾಯಿ ನನ್ನದು. ನಮ್ಮ ಮನೆಯಲ್ಲಿ ಹಬ್ಬದ ಮಾರನೆಯ ದಿನವೆಂದರೆ ಉಳಿದ ಒಬ್ಬಟ್ಟನ್ನು ಬಿಸಿ ಮಾಡಿ ತುಪ್ಪ ಹಾಕುವುದು, ಅಷ್ಟೆ. ಊರಿನ ಮಿಕ್ಕವರಿಗೆಲ್ಲ ನಿಜವಾದ ಹಬ್ಬ ಆವತ್ತೇ ಎನ್ನುವುದು ಮಂಡ್ಯದಲ್ಲೇ ಹುಟ್ಟಿ ಬೆಳೆದ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಕರಾವಳಿಯ ಸಾಹೇಬರಿಗಂತೂ ಹೇಗೆ ಗೊತ್ತಿರಬೇಕು? ಅವರು ಹೇಳಿದ ಹೊತ್ತಿಗೆ, ಹನ್ನೊಂದಕ್ಕೆ ಸರಿಯಾಗಿ, ಜೀಪಿನಲ್ಲಿ ಬಂದಿಳಿದರು. ನಿಮ್ಮ ಜನ ಎಲ್ಲಿ ಎಂದರು. ನಾನು ಬೇರೆ ದಾರಿ ಕಾಣದೆ ಜೀಪು ಹತ್ತಿ ಮೇಸ್ತ್ರಿಯ ಹಳ್ಳಿಗೆ ದಾರಿ ತೋರಿಸಿದೆ.

ಹಳ್ಳಿಯ ಅರಳಿಮರದ ಹತ್ತಿರ ನಮ್ಮ ಆಳುಗಳೆಲ್ಲ ಇದ್ದರು. ಇಪ್ಪತ್ತೆರಡು ಮನೆಯವರು ಸೇರಿ ಕುರಿಗಳನ್ನು ತಂದು ಕೊಯ್ದಿದ್ದರು. ನೆಲದ ಮೇಲೆ ಉದ್ದಕ್ಕೆ ಬಾಳೆ ಎಲೆ ಹಾಸಿತ್ತು. ನಡುವೆ ನಮ್ಮ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಮಾಂಸದ ಗುಡ್ಡೆ ಹಾಕುತ್ತಿದ್ದ. ಗರ್ಡರು ನೋಡುವ ಅದೇ ನೋಟ. ಈ ಗುಡ್ಡೆಯಿಂದ ಒಂದು ತುಂಡು ಆ ಗುಡ್ಡೆಗೆ, ಆ ಗುಡ್ಡೆಯಿಂದ ಒಂದು ಮೂಳೆ ಈ ಗುಡ್ಡೆಗೆ. ನಮ್ಮನ್ನು ಕಂಡು ಎದ್ದು ನಿಲ್ಲಲಿಲ್ಲ. ಕೈ ಕೆಲಸದಲ್ಲಿತ್ತು.

ನಾನು ಇವತ್ತು ಹತ್ತನೆಯ ದಿನ ಎಂದೆ. "ಇವತ್ತು ಏನು ಅಂತ ನಿಮ್ಗೆ ಗೊತ್ತಿಲ್ವಾ ಸಾ?" ಎಂದು ಅವನು ನನ್ನನ್ನೇ ಕೇಳಿದ. ಪಾಲು ಮಾಡದೆ ಎದ್ದು ಬಂದರೆ ಇಪ್ಪತ್ತೆರಡು ಮನೆಯವರೂ ಸೇರಿ ತನ್ನ ತಲೆ ಒಡೆಯುತ್ತಾರೆ, ಈ ಊರಲ್ಲಿ ಪಾಲು ಹಾಕುವ ಕಣ್ಣು ತನ್ನದೊಂದೇ ಎಂದ.

ಸಾಹೇಬರು ಗುಡ್ಡೆಗಳನ್ನು ಒಂದೊಂದಾಗಿ ನೋಡುತ್ತಾ ನಿಂತರು. ಅವರ ನಿಯತ್ತಿಗೆ ಇದು ಒಗ್ಗಲಿಲ್ಲ. "ಎಂಥದು ಇದು, ಕಣ್ಣಲ್ಲಿ ಅಳೆಯುವುದೇ? ಒಂದು ತಕ್ಕಡಿ ತರಬಾರದೇ?"

ಮೇಸ್ತ್ರಿ ತಲೆ ಎತ್ತದೆ ಹೇಳಿದ: "ತಕ್ಕಡಿಗೆ ಮೂಳೆ ಯಾವ್ದು, ಬಾಡ್ಯಾವ್ದು ಅಂತ ಗೊತ್ತಾಯ್ತದಾ ಸಾ? ತೂಕ ಸರಿ ಇರ್ತದೆ, ಆಮೇಲೆ ಜಗಳ ಬಿಡಿಸೋಕೆ ನೀವು ಬರ್ಬೇಕಾಯ್ತದೆ."

ಗುಡ್ಡೆ ಹಾಕಿ ಮುಗಿಯಿತು. ಆ ಕಡೆಯ ಪದ್ಧತಿ ಏನೆಂದರೆ, ಯಾವ ಗುಡ್ಡೆ ಯಾವ ಮನೆಗೆ ಎನ್ನುವುದನ್ನು ಒಬ್ಬ ಬೆನ್ನು ತಿರುಗಿಸಿ ನಿಂತು ಹೇಳಬೇಕು. ಇಲ್ಲಿ ಒಬ್ಬ ಗುಡ್ಡೆ ಮುಟ್ಟಿ, ಇದು ಯಾರಿಗೆ ಎಂದು ಕೇಳುತ್ತಾನೆ. ಅಲ್ಲಿ ನಿಂತವನು ನೋಡದೆ ಒಂದು ಮನೆಯ ಹೆಸರು ಹೇಳುತ್ತಾನೆ. ಮೋಸಕ್ಕೆ ಜಾಗವಿಲ್ಲ. ಆದರೂ ಪ್ರತಿ ವರ್ಷ, ಹೇಳುವವನು ತನ್ನವರಿಗೆ ಒಳ್ಳೆಯದು ಬರುವ ಹಾಗೆ ಕದ್ದು ನೋಡಿದ ಎಂದು ಒಂದು ತಕರಾರು ಇರುತ್ತಿತ್ತಂತೆ. ಗುಂಪಿನಲ್ಲಿದ್ದ ಒಬ್ಬ ಮುದುಕ ಸಾಹೇಬರನ್ನು ಮೇಲಿನಿಂದ ಕೆಳಗೆ ನೋಡಿ, "ಇವ್ರನ್ನೇ ನಿಲ್ಸಿ ಕಣ್ರಲಾ. ಬ್ಯಾರೆ ಸೀಮೆಯೋರು. ನೆಂಟ್ರಿಲ್ಲ, ದಾಯಾದಿಗಳಿಲ್ಲ" ಎಂದ.

ಸಾಹೇಬರು ಬೇಡ ಬೇಡ ಎನ್ನುವುದರೊಳಗೆ ಅವರನ್ನು ಮರದ ಕಡೆಗೆ ಮುಖ ಮಾಡಿ ನಿಲ್ಲಿಸಿ ಆಗಿತ್ತು. ಕೈಯಲ್ಲಿ ಮನೆಗಳ ಹೆಸರಿನ ಪಟ್ಟಿ. ಎರಡನೆಯ ಗುಡ್ಡೆಯ ಹೊತ್ತಿಗೆ ಅವರಿಗೆ ಉತ್ಸಾಹ ಬಂತು. ಹೇಳಿದ ಹೆಸರಿಗೆ ಗುರುತು ಹಾಕಲು ಜೇಬಿನಿಂದ ಕೆಂಪು ಪೆನ್ಸಿಲು ತೆಗೆದರು. ಪಟ್ಟಿ ಮುಗಿದ ಮೇಲೆ ಕೊನೆಯಲ್ಲಿ ಅಭ್ಯಾಸಬಲದಿಂದ ಗೆರೆ ಎಳೆದು, ಪರೀಕ್ಷಿಸಲಾಗಿದೆ ಎಂದು ಬರೆದು ರುಜು ಹಾಕಿದರು. ಆ ವರ್ಷ ಆ ಊರಿನಲ್ಲಿ ತಕರಾರು ಬರಲಿಲ್ಲವಂತೆ.

೬. ಅರ್ಧ

ಇಷ್ಟಾದ ಮೇಲೆ ಊಟ ಮಾಡದೆ ಬಿಡುತ್ತಾರೆಯೇ? ಸಾಹೇಬರನ್ನು ಮೇಸ್ತ್ರಿಯ ಮನೆಯ ಪಡಸಾಲೆಯಲ್ಲಿ ಕೂರಿಸಿದರು. ನನಗೆ ಬೇರೆ ಕಡೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಸಾಹೇಬರ ಮುಂದೆ ತಟ್ಟೆಯಲ್ಲಿ ಮಗುವಿನ ತಲೆ ಗಾತ್ರದ ರಾಗಿಮುದ್ದೆ ಇಟ್ಟು ಸುತ್ತ ಸಾರು ಬಿಟ್ಟರು. ಅವರು ಮುದ್ದೆಯನ್ನು ಅಗಿಯಲು ಹೋದರು. ಅಗಿಯಬಾರದು, ನುಂಗಬೇಕು ಎಂದು ಮನೆಯವರೆಲ್ಲ ಸುತ್ತ ನಿಂತು ಹೇಳಿಕೊಟ್ಟರು. ಅವರು ಕಣ್ಣು ಮುಚ್ಚಿ ನುಂಗಿದರು. ಅರ್ಧಕ್ಕೆ ಬಂದಾಗ ಕೈ ಮುಗಿದರು.

ಮೂರು ಗಂಟೆಗೆ ಎಲ್ಲರೂ ಯಾರ್ಡಿಗೆ ಬಂದೆವು. ಆಳುಗಳು ಹೊಟ್ಟೆ ಭಾರಕ್ಕೆ ಉಸ್ಸೆನ್ನುತ್ತಾ ಜಾಕು ಒತ್ತಿದರು. ಮೇಸ್ತ್ರಿ ಅರ್ಧ ಬೀಡಿ ಇನ್ನೂ, ಸಾಕು, ಬುಡು ಎಂದ. ಬಿಟ್ಟರು. ಸಾಹೇಬರು ತಾವೇ ನೂಲು ಹಿಡಿದರು. ಒಂದು ಅಂಗುಲ, ಆ ಕಡೆ ಈ ಕಡೆ ಇಲ್ಲ. ಸುಣ್ಣದ ಮೇಲೆ ಒಂದು ಗೆರೆಯೂ ಏಳಲಿಲ್ಲ. ಆರನ್ನೂ ಇನ್ನೊಮ್ಮೆ ಅಳೆದು, ಅಲ್ಲೇ ಜೀಪಿನ ಮೇಲೆ ಕಾಗದ ಇಟ್ಟು, ಕೊನೆಯದನ್ನು ಆಳುಗಳು ಇಂದು ನನ್ನೆದುರಿಗೇ ಬಗ್ಗಿಸಿದರು, ಆರೂ ಪಾಸು ಎಂದು ಬರೆದು, ತಾರೀಕು ಹಾಕಿ ಕೊಟ್ಟರು. ನಾನು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಎಂಟು ದಿನದ ಮೇಲೆ ಮಾಲೀಕರು ಕರೆಸಿದರು. ಸಾಹೇಬರ ಮೇಲಿನ ಅಧಿಕಾರಿಯಿಂದ ಕಾಗದ ಬಂದಿತ್ತು, ಪಾಸು ಪತ್ರ ಸುಳ್ಳೆಂದು ತೋರುತ್ತದೆ, ಆ ಪರೀಕ್ಷಕರೂ ನಿಮ್ಮವರೂ ಖುದ್ದಾಗಿ ಬಂದು ವಿವರಣೆ ಕೊಡಬೇಕು ಎಂದು. ಮಾಲೀಕರು ಅದನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಆರು ತಿಂಗಳು ಈ ಶನಿವಾರಕ್ಕೆ ಮುಗೀತದೆ, ನೆನಪಿದೆಯಾ?" ಎಂದರು. ಗರ್ಡರಿನಲ್ಲಿ ಎಲ್ಲಿ ತಪ್ಪಾಯಿತು ಎಂದು ನನಗೆ ಹೊಳೆಯಲೇ ಇಲ್ಲ. ಆ ರಾತ್ರಿ ನಕ್ಷೆಯ ಎಲ್ಲ ಮೂಲೆಗಳನ್ನೂ ದೀಪ ಹಿಡಿದು ಓದಿದೆ.

ಮಾರನೆಯ ದಿನ ಸಾಹೇಬರು, ಮಾಲೀಕರು, ನಾನು, ಮೇಸ್ತ್ರಿ ನಾಲ್ವರೂ ಆ ಅಧಿಕಾರಿಯ ಮುಂದೆ ನಿಂತೆವು. ಅವರು ನಾಗಮಂಗಲದ ಕಡೆಯ ರೈತರ ಮನೆಯವರು, ದಪ್ಪ ಮೀಸೆ. ಗರ್ಡರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಾಸು ಪತ್ರದ ತಾರೀಕಿನ ಮೇಲೆ ಬೆರಳಿಟ್ಟು, "ಈ ದಿನ ಮದ್ದೂರು ತಾಲ್ಲೂಕಿನಲ್ಲಿ ಆಳುಗಳು ಕೆಲಸಕ್ಕೆ ಬಂದು ಗರ್ಡರು ಬಗ್ಗಿಸಿದರು ಅಂತ ಬರೆದಿದ್ದೀರಿ. ಇದನ್ನ ನಾನು ನಂಬಬೇಕಾ?" ಎಂದರು.

ಸಾಹೇಬರು ನನ್ನ ಮುಖ ನೋಡಿದರು. ಅಧಿಕಾರಿಗಳು ಮೇಸ್ತ್ರಿಯ ಕಡೆ ತಿರುಗಿ, ಏಕವಚನಕ್ಕೆ ಇಳಿದರು. "ನೀನು ಹೇಳಯ್ಯ. ಅವತ್ತು ಬಾಡೂಟ ಬುಟ್ಟು ಕೆಲಸಕ್ಕೆ ಬಂದಿದ್ದೆಯಾ?"

"ಎಲ್ಲಾದ್ರೂ ಉಂಟಾ ಬುದ್ದಿ," ಎಂದ ಮೇಸ್ತ್ರಿ. "ಉಂಡ್ಕಂಡೇ ಬಂದ್ವಿ. ಮಧ್ಯಾಹ್ನದ ಮ್ಯಾಲೆ. ಸಾಯೇಬ್ರೂ ನಮ್ಮಟ್ಟೀಲೇ ಉಂಡ್ರು."

ಅಧಿಕಾರಿಗಳು ಕುರ್ಚಿಗೆ ಒರಗಿ, ಸಾಹೇಬರ ಕಡೆ ತಿರುಗಿದರು. "ಎಷ್ಟು ಮುದ್ದೆ ಉಂಡಿರಿ?"

ಸಾಹೇಬರು ತಲೆ ತಗ್ಗಿಸಿದರು. "ಅರ್ಧ, ಸಾರ್."

ಅಧಿಕಾರಿಗಳು ಪೆನ್ನು ತೆಗೆದುಕೊಂಡರು. ಸುಳ್ಳು ಹೇಳುವ ಗಂಡಸಾಗಿದ್ದರೆ ಎರಡು ಅಂತಿದ್ದ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಪತ್ರದ ಕೆಳಗೆ ರುಜು ಹಾಕಿದರು.

ಶನಿವಾರ ಮಾಲೀಕರು ನನ್ನ ಕೆಲಸ ಖಾಯಂ ಮಾಡಿದ ಕಾಗದ ಕೊಟ್ಟರು. ಗರ್ಡರುಗಳು ಪಾಸಾದ ದಿನದಿಂದಲೇ ಜಾರಿ ಎಂದು ಬರೆಸಿದ್ದರು, ಹೇಳಿದ ಮಾತಿನಂತೆ. ತಂದೆಯವರು ಅದನ್ನು ಓದಿ, ಪಂಚಾಂಗ ತೆಗೆದು ಲೆಕ್ಕ ಹಾಕಿ, ಒಳ್ಳೆಯ ದಿನವೇ ಎಂದರು. ಹೀಗಾಗಿ, ಸುತ್ತಲಿನ ಅಷ್ಟೂ ಊರುಗಳಲ್ಲಿ ಒಬ್ಬನೂ ಕೆಲಸಕ್ಕೆ ಹೋಗದ ದಿನ ನನ್ನ ಕೆಲಸ ಖಾಯಂ ಆಯಿತು: ನಳ ಸಂವತ್ಸರದ ಚೈತ್ರ ಶುದ್ಧ ಬಿದಿಗೆ, ಎಪ್ಪತ್ತಾರನೆಯ ಇಸವಿಯ ಹೊಸತೊಡಕು.